ಕಬ್ಬಿನ ಬಿಲ್ಲು ಖಾತೆಗೆ ಮುಟ್ಟುವವರೆಗೆ: ಸರಳ ಬಾಟ್‌ನಿಂದ ಸಮಗ್ರ ಸ್ವಯಂಚಾಲನೆಗೆ ಹೊರಳಿದ ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣ

ಬಾಗಲಕೋಟೆ ಜಿಲ್ಲೆಯ ನದಿ ದಂಡೆಯ ಭಾಗದಲ್ಲಿರುವ ಒಂದು ಸಕ್ಕರೆ ಕಾರ್ಖಾನೆ ರೈತರ ಕಬ್ಬಿನ ಬಿಲ್ ಪಾವತಿಯನ್ನು ಮೊದಲು ಒಂದು ಸರಳ ಬಾಟ್‌ಗೆ, ಅಂದರೆ ಗುಮಾಸ್ತರ ಕಂಪ್ಯೂಟರ್ ಕೆಲಸವನ್ನು ಹಾಗೆಯೇ ಅನುಕರಿಸುವ ತಂತ್ರಾಂಶಕ್ಕೆ, ವಹಿಸಿತು; ಅದು ಕೈಕೊಟ್ಟ ಮೇಲೆ ಇಡೀ ಪ್ರಕ್ರಿಯೆಯನ್ನೇ ಬಿಚ್ಚಿ ಮತ್ತೆ ಕಟ್ಟಿತು. ಈ ಎರಡು ಹಂತಗಳ ನಡುವೆ ತೆಗೆದುಕೊಂಡ ತೀರ್ಮಾನಗಳು ಬೇರೆ ಕಾರ್ಖಾನೆಗಳಿಗೆ, ಸಹಕಾರ ಸಂಘಗಳಿಗೆ, ಸಣ್ಣ ಬ್ಯಾಂಕುಗಳಿಗೆ ಉಪಯೋಗವಾಗಬಹುದೆಂಬ ಕಾರಣಕ್ಕೆ ಇದನ್ನು ದಾಖಲಿಸುತ್ತಿದ್ದೇನೆ. ಕಾರ್ಖಾನೆಯ, ಸಿಬ್ಬಂದಿಯ ಮತ್ತು ರೈತರ ಗುರುತು ಹತ್ತಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ. ಪ್ರಕ್ರಿಯೆಯನ್ನು ಮರುಕಟ್ಟುವ ಹಂತದಲ್ಲಿ ನಾನು ಸಲಹೆಗಾರನಾಗಿ ಜೊತೆಗಿದ್ದೆ; ಅದಕ್ಕೂ ಹಿಂದಿನ ಸಂಗತಿಗಳನ್ನು ಕಡತಗಳಿಂದ ಮತ್ತು ಅಲ್ಲಿ ದುಡಿಯುವವರ ಮಾತಿನಿಂದ ತಿಳಿದುಕೊಂಡಿದ್ದೇನೆ.

ಹಿನ್ನೆಲೆ

ಕಬ್ಬಿನ ಹಣಕ್ಕೆ ಕಾನೂನಿನ ಗಡುವು ಇದೆ. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಒಂದು ಲಕ್ಷ ರೂಪಾಯಿ ಮೂವತ್ತು ದಿನ ತಡವಾದರೆ ಆ ಬಡ್ಡಿ ಸುಮಾರು 1,233 ರೂಪಾಯಿಯಾಗುತ್ತದೆ. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಇದು ಒಂದು ಸಾಲು ಮಾತ್ರ. ಆದರೆ ಗೊಬ್ಬರದ ಅಂಗಡಿಯ ಬಾಕಿ, ಪಿಕೆಪಿಎಸ್‌ನ (ಊರಿನ ಕೃಷಿ ಸಹಕಾರ ಸಂಘದ) ಬೆಳೆಸಾಲದ ಕಂತು, ಮಕ್ಕಳ ಕಾಲೇಜಿನ ಫೀ ಎಲ್ಲವನ್ನೂ ಕಬ್ಬಿನ ಬಿಲ್ಲಿನ ಮೇಲೆ ಹೇಳಿಟ್ಟಿರುವ ಮನೆಗೆ ಆ ಮೂವತ್ತು ದಿನ ಬಲು ಉದ್ದದ್ದು. ಪಾವತಿಯ ಸ್ವಯಂಚಾಲನೆಯ ಬಗ್ಗೆ ಮಾತನಾಡುವವರು ಮೊದಲು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ.

ಹಣದ ದಾರಿ ಹೊಲದಿಂದ ಶುರುವಾಗುತ್ತದೆ. ಕಾರ್ಖಾನೆಯ ಫೀಲ್ಡ್‌ಮನ್ ಊರಿಗೆ ಬಂದು ಕಬ್ಬಿನ ನೋಂದಣಿ ಮಾಡಿಕೊಳ್ಳುವಾಗ ಸರ್ವೆ ನಂಬರು, ಎಕರೆ, ತಳಿ, ನಾಟಿ ಕಬ್ಬೋ ಕುಳೆ ಕಬ್ಬೋ ಎಂಬುದರ ಜೊತೆಗೆ ರೈತನ ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ ಬರೆದುಕೊಳ್ಳುತ್ತಾನೆ. ಹಂಗಾಮು ಶುರುವಾಗಿ ಕಟಾವಿನ ಸರದಿ ಬಂದಾಗ ಗ್ಯಾಂಗ್ ಹೊಲಕ್ಕಿಳಿಯುತ್ತದೆ; ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಕಾಟಾದ (ತೂಕದ ಸೇತುವೆಯ) ಮೇಲೆ ನಿಂತು ತುಂಬಿದ ತೂಕ, ಆಮೇಲೆ ಖಾಲಿ ತೂಕ ದಾಖಲಾಗಿ ರೈತನಿಗೆ ತೂಕದ ಚೀಟಿ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಆ ಚೀಟಿಗಳನ್ನೆಲ್ಲ ಕೂಡಿಸಿ ಬಿಲ್ ಮಾಡುತ್ತಾರೆ. ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ದರವನ್ನು ಆಧಾರವಾಗಿ ಇಟ್ಟುಕೊಂಡು, ಕಟಾವು ಮತ್ತು ಸಾಗಾಣಿಕೆಯ ಖರ್ಚನ್ನೂ ಸಾಲದ ಕಂತನ್ನೂ ಕಳೆದು, ಉಳಿದ ಮೊತ್ತವನ್ನು ಬ್ಯಾಂಕಿನ ಮೂಲಕ ಕಳುಹಿಸುತ್ತಾರೆ. 2021-22ರ ಹಂಗಾಮಿನಲ್ಲಿ ಆ ದರ ಶೇಕಡ 10ರ ಸಕ್ಕರೆ ಇಳುವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲಿಗೆ) ಕ್ವಿಂಟಲ್‌ಗೆ 290 ರೂಪಾಯಿ ಇತ್ತು.

2020ರವರೆಗೆ ಈ ಕೊನೆಯ ಹಂತವನ್ನು ಲೆಕ್ಕಪತ್ರ ವಿಭಾಗದ ಗುಮಾಸ್ತರು ಕೈಯಿಂದ ಮಾಡುತ್ತಿದ್ದರು. ಬಿಲ್ ತಂತ್ರಾಂಶದಿಂದ ಪಟ್ಟಿ ತೆಗೆದು, ಎಕ್ಸೆಲ್‌ನಲ್ಲಿ ಬ್ಯಾಂಕ್ ಕೇಳುವ ನಮೂನೆಗೆ ಹೊಂದಿಸಿ, ಬ್ಯಾಂಕಿನ ಪೋರ್ಟಲ್‌ಗೆ ಏರಿಸಿ, ಮರಳಿ ತಮ್ಮ ತಂತ್ರಾಂಶಕ್ಕೆ ಬಂದು ಒಂದೊಂದು ಬಿಲ್ಲಿನ ಮುಂದೆಯೂ ‘ಪಾವತಿಯಾಗಿದೆ’ ಎಂದು ಗುರುತು ಹಾಕಬೇಕಿತ್ತು. ಹಂಗಾಮಿನ ಜೋರಿನಲ್ಲಿ ಈ ಕೆಲಸಕ್ಕೆ ರಾತ್ರಿಗಳು ಹೋಗುತ್ತಿದ್ದವು, ಸಾಲು ತಪ್ಪಿದ ಪ್ರಸಂಗಗಳೂ ಇದ್ದವು. ಆ ವರ್ಷದ ಹಂಗಾಮಿಗೆ ಮೊದಲು ಕಾರ್ಖಾನೆ ಒಂದು ಬಾಟ್ ಮಾಡಿಸಿತು.

ಬಾಟ್ ಎಂದರೆ ಇಲ್ಲಿ ಯಾವ ಯಂತ್ರವೂ ಅಲ್ಲ. ಮನುಷ್ಯನು ಕಂಪ್ಯೂಟರ್ ಪರದೆಯ ಮೇಲೆ ಯಾವ ಕ್ರಮದಲ್ಲಿ ಒತ್ತುತ್ತಾನೋ, ಎಲ್ಲಿಂದ ನಕಲು ಮಾಡಿ ಎಲ್ಲಿ ಅಂಟಿಸುತ್ತಾನೋ ಅದನ್ನೇ ಅದೇ ಕ್ರಮದಲ್ಲಿ ಬೇಸರವಿಲ್ಲದೆ ಮಾಡುವ ತಂತ್ರಾಂಶ ಅದು. ಆರ್‌ಪಿಎ (ರೋಬೋಟಿಕ್ ಪ್ರೊಸೆಸ್ ಆಟೊಮೇಷನ್) ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವುದು ಬಹುತೇಕ ಇದೇ. ಅದಕ್ಕೆ ಹಳೆಯ ತಂತ್ರಾಂಶವನ್ನು ಬದಲಿಸಬೇಕಿಲ್ಲ, ಬ್ಯಾಂಕಿನ ಒಪ್ಪಿಗೆ ಪಡೆದು ನೇರ ಸಂಪರ್ಕ ಕಟ್ಟಬೇಕಿಲ್ಲ. ಕೆಲವು ವಾರಗಳಲ್ಲಿ ಸಿದ್ಧವಾಗುತ್ತದೆ, ಖರ್ಚೂ ಕಡಿಮೆ. ಅಂತಿಮ ಅನುಮೋದನೆಯನ್ನು ಮಾತ್ರ ಒಟಿಪಿ ಹಾಕಿ ಹಿರಿಯ ಅಧಿಕಾರಿಯೇ ಕೊಡುವಂತೆ ಉಳಿಸಿಕೊಂಡಿದ್ದರು, ಅದು ಸರಿಯಾದ ತೀರ್ಮಾನವಾಗಿತ್ತು. 2020-21ರ ಹಂಗಾಮು ಪೂರ್ತಿ ಬಾಟ್ ಚೆನ್ನಾಗಿ ನಡೆಯಿತು. ರಾತ್ರಿ ಕೆಲಸ ನಿಂತಿತು, ಸಾಲು ತಪ್ಪುವುದೂ ನಿಂತಿತು. ಆಡಳಿತ ಮಂಡಳಿ ಅದನ್ನು ಯಶಸ್ಸೆಂದೇ ಎಣಿಸಿತು, ಆ ವರ್ಷದ ಮಟ್ಟಿಗೆ ಆ ಎಣಿಕೆ ತಪ್ಪೂ ಅಲ್ಲ.

ತೊಡಕು

ಮರುವರ್ಷ, 2021-22ರ ಹಂಗಾಮಿನ ಮೊದಲ ಬಿಲ್ ಹೋದ ಮೇಲೆ ಕಬ್ಬು ವಿಭಾಗದ ಕಿಟಕಿಯ ಮುಂದೆ ರೈತರು ಸೇರತೊಡಗಿದರು. ವಯಸ್ಸಾದ ಒಬ್ಬ ರೈತ ಮತ್ತು ಗುಮಾಸ್ತರ ನಡುವೆ ನಡೆದ ಮಾತನ್ನು ಅಲ್ಲಿದ್ದವರು ಹೀಗೆ ನೆನೆಯುತ್ತಾರೆ.

“ಸಾಹೇಬ್ರ, ತೂಕದ ಚೀಟಿ ಐತಿ, ಮೊಬೈಲಿಗೆ ಮೆಸೇಜೂ ಬಂದೈತಿ. ರೊಕ್ಕ ಮಾತ್ರ ಬ್ಯಾಂಕಿಗೆ ಬಂದಿಲ್ರಿ.”

“ಯಜಮಾನ್ರ, ನಮ್ಮ ಕಂಪ್ಯೂಟರ್‌ದಾಗ ನಿಮ್ಮ ಬಿಲ್ ಪಾವತಿ ಆಗೈತಿ ಅಂತ ತೋರಸಾಕತ್ತೈತ್ರಿ. ಬ್ಯಾಂಕಿನ್ಯಾಗ ಕೇಳ್ರಿ.”

ರೈತ ಬ್ಯಾಂಕಿಗೆ ಹೋದರೆ ಅಲ್ಲಿನವರು ಕಾರ್ಖಾನೆಯನ್ನು ಕೇಳಿ ಎನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಪಾವತಿಯಾಗಿದೆಯೆಂದೇ ಇತ್ತು. ರೈತನ ಖಾತೆಯಲ್ಲಿ ಹಣ ಇರಲೇ ಇಲ್ಲ.

ಕಾರಣ ಹುಡುಕಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಸಿಂಡಿಕೇಟ್ ಬ್ಯಾಂಕು 1 ಏಪ್ರಿಲ್ 2020ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಅದರ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು (ಹಣ ಯಾವ ಶಾಖೆಗೆ ಹೋಗಬೇಕೆಂದು ಗುರುತಿಸುವಂಥವು) ಸ್ವಲ್ಪ ಕಾಲ ಚಾಲ್ತಿಯಲ್ಲಿದ್ದು, 1 ಜುಲೈ 2021ರಿಂದ ನಿಂತುಹೋದವು. ಬಾಟ್‌ನ ಮೊದಲ ಹಂಗಾಮು ಆ ಗಡುವಿಗೆ ಮುಂಚೆಯೇ ಮುಗಿದಿತ್ತು, ಎರಡನೆಯ ಹಂಗಾಮು ಗಡುವಿನ ನಂತರ ಶುರುವಾಯಿತು. ರೈತರ ಕಡತದಲ್ಲಿ ಹಳೆಯ ಸಂಕೇತಗಳೇ ಕುಳಿತಿದ್ದವು. ಸಿಂಡಿಕೇಟ್ ಬ್ಯಾಂಕಿನ ಶಾಖೆಗಳು ಉತ್ತರ ಕರ್ನಾಟಕದಲ್ಲಿ ಊರೂರಿಗೆ ಇದ್ದದ್ದರಿಂದ ಪೆಟ್ಟು ಜೋರಾಗಿಯೇ ಬಿತ್ತು.

ಎರಡನೆಯ ಸಂಗತಿ ಅಷ್ಟು ಸುಲಭಕ್ಕೆ ಕಾಣಲಿಲ್ಲ, ಆದರೆ ಈ ಪ್ರಕರಣದ ತಿರುಳು ಇರುವುದು ಅಲ್ಲೇ. ಪಾವತಿಯ ಕಡತವನ್ನು ಏರಿಸಿದೊಡನೆ ಬ್ಯಾಂಕಿನ ಪೋರ್ಟಲ್ ‘ಕಡತ ಸ್ವೀಕೃತವಾಗಿದೆ’ ಎಂಬ ಸಂದೇಶ ತೋರಿಸುತ್ತಿತ್ತು. ತಿರಸ್ಕೃತವಾದ ಸಾಲುಗಳು ಇನ್ನೊಂದು ಪುಟದಲ್ಲಿ ಬೇರೆ ಪಟ್ಟಿಯಾಗಿ ಬರುತ್ತಿದ್ದವು. ಹೋಗಿ ವಾಪಸ್ ಬಂದ ಹಣ ಕಾರ್ಖಾನೆಯ ಖಾತೆಗೆ ಬಿಡಿಬಿಡಿಯಾಗಿ ಜಮೆಯಾಗುತ್ತಿತ್ತು. ಬಾಟ್‌ಗೆ ಕಲಿಸಿದ್ದು ಸ್ವೀಕೃತಿಯ ಸಂದೇಶ ಕಂಡೊಡನೆ ಎಲ್ಲ ಬಿಲ್ಲುಗಳ ಮುಂದೆ ಪಾವತಿಯ ಗುರುತು ಹಾಕಿ ರೈತರಿಗೆ ಎಸ್‌ಎಂಎಸ್ ಕಳುಹಿಸುವುದನ್ನು. ಅದು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತು. ಬಾಟ್‌ನ ಪಾಲಿಗೆ ಕೆಲಸ ಮುಗಿಯುತ್ತಿದ್ದದ್ದು ಕಡತ ಏರಿಸಿದಾಗ. ಕಾನೂನಿನ ಪಾಲಿಗೆ, ರೈತನ ಪಾಲಿಗೆ ಮುಗಿಯಬೇಕಾದದ್ದು ಹಣ ಖಾತೆಗೆ ಜಮೆಯಾದಾಗ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಎನ್‌ಇಎಫ್‌ಟಿ ವ್ಯವಸ್ಥೆಯ ನಿಯಮದಂತೆ ಜಮೆ ಮಾಡಲಾಗದ ಹಣವನ್ನು ಆ ಬ್ಯಾಚ್ ಮುಗಿದ ಎರಡು ಗಂಟೆಗಳೊಳಗೆ ಹಿಂದಿರುಗಿಸಬೇಕು. ಹಾಗಾಗಿ ಸುದ್ದಿ ಕಾರ್ಖಾನೆಯ ಬ್ಯಾಂಕ್ ಖಾತೆಗೆ ಅದೇ ದಿನ ಬಂದು ಕೂತಿತ್ತು. ಅದನ್ನು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ಕೈಯಿಂದ ಮಾಡುತ್ತಿದ್ದ ಕಾಲದಲ್ಲಿ ಗುಮಾಸ್ತರು ತಿಂಗಳ ಕೊನೆಗಾದರೂ ಅದನ್ನು ಗಮನಿಸುತ್ತಿದ್ದರು. ಬಾಟ್ ಬಂದ ಮೇಲೆ ಆ ಕಣ್ಣೂ ಅಲ್ಲಿಂದ ಸರಿದಿತ್ತು.

ಮೊದಲು ಮಾಡಿದ್ದು

ಹಂಗಾಮು ನಡೆಯುತ್ತಿರುವಾಗ ಕೂತು ಯೋಚಿಸಲು ಪುರುಸೊತ್ತು ಇರುವುದಿಲ್ಲ, ಆದ್ದರಿಂದ ತಕ್ಷಣದ ಪರಿಹಾರಕ್ಕೆ ಕೈಹಾಕಿದ್ದು ಸಹಜ. ವಿಲೀನವಾದ ಶಾಖೆಗಳ ಹೊಸ ಸಂಕೇತ ಪಡೆಯಲು ಒಂದು ಸರಳ ಸೂತ್ರವಿತ್ತು: ಮೊದಲ ನಾಲ್ಕು ಅಕ್ಷರಗಳನ್ನು ‘ಎಸ್‌ವೈಎನ್‌ಬಿ’ಯಿಂದ ‘ಸಿಎನ್‌ಆರ್‌ಬಿ’ಗೆ ಬದಲಿಸಿ, ಶಾಖೆಯ ಸಂಖ್ಯೆಗೆ 10,000 ಕೂಡಿಸಬೇಕು. ಬಾಟ್ ಮಾಡಿಕೊಟ್ಟವರು ಇದನ್ನು ಒಂದು ನಿಯಮವಾಗಿ ಸೇರಿಸಿದರು, ಹೆಚ್ಚಿನ ಪಾವತಿಗಳು ಸರಿಹೋದವು. ಆದರೆ ಕಾರ್ಪೊರೇಷನ್ ಬ್ಯಾಂಕು ಮತ್ತು ಆಂಧ್ರ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿದ್ದವು. ಅಲ್ಲಿಯ ಖಾತೆಗಳಿಗೆ ಈ ಸೂತ್ರ ಹೊಂದುವುದಿಲ್ಲ. ಅದಕ್ಕೆ ಇನ್ನೊಂದು ಪಟ್ಟಿ ಸೇರಿತು. ಉಳಿದದ್ದು ಸಂಕೇತಕ್ಕೆ ಸಂಬಂಧವೇ ಇಲ್ಲದ ಪ್ರಕರಣಗಳು: ಎರಡು ವರ್ಷ ವ್ಯವಹಾರ ನಡೆಯದೆ ನಿಷ್ಕ್ರಿಯವಾದ ಖಾತೆ, ರೈತನೇ ಮುಚ್ಚಿಸಿದ ಖಾತೆ, ನೋಂದಣಿಯಲ್ಲಿ ಒಂದು ಅಂಕೆ ಬಿಟ್ಟುಹೋದ ಖಾತೆ, ಖಾತೆದಾರನು ತೀರಿಕೊಂಡು ಮಗ ಕಬ್ಬು ಕಳುಹಿಸಿದ ಮನೆ.

ಇವುಗಳನ್ನು ಹಿಡಿಯಲು ಇನ್ನೆರಡು ಬಾಟ್‌ಗಳನ್ನು ಮಾಡಿಸಿದರು. ಒಂದು ಬ್ಯಾಂಕಿನ ತಿರಸ್ಕೃತ ಪಟ್ಟಿಯನ್ನು ಓದುತ್ತಿತ್ತು, ಇನ್ನೊಂದು ಖಾತೆಯ ಹೇಳಿಕೆಯಿಂದ ವಾಪಸ್ ಬಂದ ಮೊತ್ತಗಳನ್ನು ಆರಿಸುತ್ತಿತ್ತು. ಹಂಗಾಮಿನ ನಡುವೆ ಬ್ಯಾಂಕು ತನ್ನ ಪುಟದ ವಿನ್ಯಾಸ ಬದಲಿಸಿ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಸಿದಾಗ, ಓದುವ ಬಾಟ್ ಕಾರಣದ ಜಾಗದಲ್ಲಿ ವ್ಯವಹಾರದ ಸಂಖ್ಯೆಯನ್ನು ಎತ್ತಿಕೊಂಡು ಬರೆಯತೊಡಗಿತು. ಅದು ನಿಂತುಹೋಗಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. ಅದು ನಿಲ್ಲದೆ ತಪ್ಪನ್ನೇ ಅಚ್ಚುಕಟ್ಟಾಗಿ ತುಂಬುತ್ತ ಹೋಯಿತು. ಪರದೆಯನ್ನು ನೋಡಿ ಕೆಲಸ ಮಾಡುವ ಬಾಟ್‌ಗೆ ತಾನು ನೋಡುತ್ತಿರುವುದರ ಅರ್ಥ ಗೊತ್ತಿರುವುದಿಲ್ಲ ಎಂಬುದನ್ನು ಪುಸ್ತಕಗಳಲ್ಲಿ ಓದಿದ್ದೆ. ಆ ತಿಂಗಳ ಪಟ್ಟಿಯನ್ನು ಆಮೇಲೆ ಕಣ್ಣಾರೆ ನೋಡಿದಾಗ ಅದರ ಬೆಲೆ ಏನೆಂದು ತಿಳಿಯಿತು.

ಇಲ್ಲಿ ಆಡಳಿತದವರ ಮುಂದೆ ಎರಡು ದಾರಿಗಳಿದ್ದವು. ಬಾಟ್‌ಗಳನ್ನು ಪೂರ್ತಿ ಕೈಬಿಟ್ಟು ಹಳೆಯ ಪದ್ಧತಿಗೆ ಹೋಗಬೇಕೆಂದು ಕಬ್ಬು ವಿಭಾಗ ಹೇಳಿತು. ಇನ್ನೂ ಚುರುಕಾದ ಬಾಟ್, ಅಂದರೆ ಕೃತಕ ಬುದ್ಧಿಮತ್ತೆ ಸೇರಿಸಿದ ಬಾಟ್ ಕೊಳ್ಳಬೇಕೆಂದು ಐಟಿ ವಿಭಾಗ ಹೇಳಿತು. ಮಾರಾಟಗಾರರು ತೋರಿಸಿದ ಪ್ರದರ್ಶನದಲ್ಲಿ ಆ ಬಾಟ್ ಪುಟದ ವಿನ್ಯಾಸ ಬದಲಾದರೂ ಕಾಲಂ ಗುರುತಿಸುತ್ತಿತ್ತು, ಚಿತ್ರದಿಂದ ಅಕ್ಷರ ಓದುತ್ತಿತ್ತು. ಪ್ರಧಾನ ವ್ಯವಸ್ಥಾಪಕರು ಎರಡನ್ನೂ ತಕ್ಷಣಕ್ಕೆ ಒಪ್ಪಲಿಲ್ಲ. ಹಂಗಾಮು ಮುಗಿಯಲಿ, ತೂಕದ ಚೀಟಿಯಿಂದ ರೈತನ ಪಾಸ್‌ಬುಕ್‌ವರೆಗೆ ಹಣ ನಡೆಯುವ ದಾರಿಯನ್ನು ಮೊದಲು ಕಾಗದದ ಮೇಲೆ ಬರೆಯೋಣ, ಏನು ಕೊಳ್ಳಬೇಕೆಂಬುದನ್ನು ಆಮೇಲೆ ನೋಡೋಣ ಎಂದರು. ಈ ಪ್ರಕರಣದ ಅತಿ ಮುಖ್ಯ ತಿರುವು ಇದೇ ಎಂದು ನನ್ನ ಅಭಿಪ್ರಾಯ.

ದಾರಿಯನ್ನು ಬರೆದಾಗ ಕಂಡದ್ದು

ಮಳೆಗಾಲದ ಬಿಡುವಿನಲ್ಲಿ ಕಬ್ಬು ವಿಭಾಗ, ಲೆಕ್ಕಪತ್ರ, ಐಟಿ ಮತ್ತು ಬ್ಯಾಂಕಿನ ಸ್ಥಳೀಯ ಶಾಖೆಯವರು ಒಂದೇ ಮೇಜಿಗೆ ಕೂತರು. ನಾನು ಸೇರಿಕೊಂಡದ್ದು ಆಗ. ವಾಪಸ್ ಬಂದ ಒಂದೊಂದು ಪಾವತಿಯನ್ನೂ ಹಿಂದಕ್ಕೆ ಅಟ್ಟಿಕೊಂಡು ಹೋದಾಗ ತಪ್ಪುಗಳಲ್ಲಿ ಬಹುಪಾಲು ಪಾವತಿಯ ಹಂತದಲ್ಲಿ ಹುಟ್ಟಿದವಲ್ಲ, ನೋಂದಣಿಯ ಹಂತದಲ್ಲಿ ಹುಟ್ಟಿದವೆಂದು ಗೊತ್ತಾಯಿತು. ಖಾತೆಯ ಸಂಖ್ಯೆಯನ್ನು ಒಮ್ಮೆ ಬರೆದುಕೊಂಡರೆ ಅದು ವರ್ಷದಿಂದ ವರ್ಷಕ್ಕೆ ಹಾಗೆಯೇ ನಕಲಾಗುತ್ತಿತ್ತು. ರೈತ ಖಾತೆ ಬದಲಿಸಿದರೆ ಫೀಲ್ಡ್‌ಮನ್‌ಗೆ ಹೇಳುತ್ತಿದ್ದ, ಫೀಲ್ಡ್‌ಮನ್ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ಡೈರಿಯಿಂದ ಕಂಪ್ಯೂಟರ್‌ಗೆ ಅದನ್ನು ಯಾರು ಏರಿಸಬೇಕೆಂದು ಎಲ್ಲಿಯೂ ಬರೆದಿರಲಿಲ್ಲ.

ಲೆಕ್ಕಪತ್ರ ವಿಭಾಗದ ಹಿರಿಯ ಗುಮಾಸ್ತರೊಬ್ಬರು ಒಂದೇ ಹೆಸರಿನ ರೈತರ ಪಟ್ಟಿಯನ್ನು ತಮ್ಮಷ್ಟಕ್ಕೆ ಇಟ್ಟುಕೊಂಡಿದ್ದರು. ಒಂದೇ ಊರಿನಲ್ಲಿ ಸಿದ್ದಪ್ಪ ಮಲ್ಲಪ್ಪ ಎಂಬ ಹೆಸರಿನವರು ಮೂವರಿದ್ದರೆ, ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟು ಒಂದೇ ಮನೆಯಲ್ಲಿ ಇಬ್ಬರು ಹಣಮಂತಪ್ಪ ಇದ್ದರೆ, ಯಾರ ಬಿಲ್ ಯಾರಿಗೆ ಹೋಗಬಾರದೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಎನ್‌ಇಎಫ್‌ಟಿಯಲ್ಲಿ ಹಣ ಜಮೆಯಾಗುವುದು ಖಾತೆಯ ಸಂಖ್ಯೆಯ ಮೇಲೆ; ಹೆಸರು ತಾಳೆಯಾಗುತ್ತದೆಯೇ ಎಂದು ಬ್ಯಾಂಕು ನೋಡಲೇಬೇಕೆಂದಿಲ್ಲ. ಆದ್ದರಿಂದ ಅವರ ಪಟ್ಟಿ ಹಣವನ್ನು ತಪ್ಪು ಮನೆಗೆ ಹೋಗದಂತೆ ತಡೆಯುತ್ತಿದ್ದ ಒಂದೇ ಬೇಲಿಯಾಗಿತ್ತು. ಬಾಟ್ ಮಾಡಿಸುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಹೊಸ ವ್ಯವಸ್ಥೆಯ ನಿಯಮಗಳಲ್ಲಿ ಮೊದಲು ದಾಖಲಾದದ್ದು ಅವರ ಪಟ್ಟಿಯೇ.

ಇಷ್ಟು ತಿಳಿದ ಮೇಲೆ ಏನು ಕಟ್ಟಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಬದಲಾಯಿತು. ಬೇಕಾದದ್ದು ಪರದೆ ಓದುವ ಇನ್ನೊಂದು ಜಾಣ ಬಾಟ್ ಅಲ್ಲ. ಪ್ರತಿ ಬಿಲ್ಲು ಈಗ ಎಲ್ಲಿದೆ, ಯಾರ ಕೈಯಲ್ಲಿದೆ, ಗಡುವಿಗೆ ಎಷ್ಟು ದಿನ ಉಳಿದಿದೆ ಎಂಬುದನ್ನು ಕೊನೆಯವರೆಗೆ ಹಿಡಿದಿಡುವ ಪ್ರಕ್ರಿಯೆ. ಸಮಗ್ರ ಅಥವಾ ಬುದ್ಧಿವಂತ ಪ್ರಕ್ರಿಯಾ ಸ್ವಯಂಚಾಲನೆ ಎನ್ನುವುದು ಇದಕ್ಕೇ. ಅದರೊಳಗೆ ಕೆಲಸದ ಹರಿವನ್ನು ನಡೆಸುವ ತಂತ್ರಾಂಶ, ದಾಖಲೆ ಓದುವ ತಂತ್ರಾಂಶ, ಬ್ಯಾಂಕಿನೊಡನೆ ನೇರ ಸಂಪರ್ಕ, ಬರೆದಿಟ್ಟ ನಿಯಮಗಳು, ತೀರ್ಮಾನ ಮಾಡುವ ಜನ ಎಲ್ಲರೂ ಇರುತ್ತಾರೆ. ಬಾಟ್ ಅದರ ಒಂದು ಅಂಗ ಮಾತ್ರ. ಅಕ್ಷರ ಓದುವ ಶಕ್ತಿಯನ್ನು ಬಾಟ್‌ಗೆ ಅಂಟಿಸಿ ಅದನ್ನೇ ಬುದ್ಧಿವಂತ ಸ್ವಯಂಚಾಲನೆ ಎಂದು ಮಾರುವವರು ಬಹಳ ಜನ ಇದ್ದಾರೆ. ಕೊಳ್ಳುವವರು ಅವರನ್ನು ಒಂದು ಪ್ರಶ್ನೆ ಕೇಳಬೇಕು: ಕೆಲಸ ಕೆಟ್ಟಾಗ ಅದು ಯಾರ ಮೇಜಿಗೆ, ಎಷ್ಟು ಹೊತ್ತಿನಲ್ಲಿ, ಯಾವ ಮಾಹಿತಿಯೊಡನೆ ಹೋಗುತ್ತದೆ? ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಅವರು ಮಾರುತ್ತಿರುವುದು ದುಬಾರಿ ಬಾಟ್.

ಮರುಕಟ್ಟಿದ ಬಗೆ

ಮೊದಲ ಬದಲಾವಣೆಗೆ ಯಾವ ಹೊಸ ತಂತ್ರಜ್ಞಾನವೂ ಬೇಕಿರಲಿಲ್ಲ. ಬಿಲ್ಲಿಗೆ ಇದ್ದ ‘ಪಾವತಿಯಾಗಿದೆ’, ‘ಪಾವತಿಯಾಗಿಲ್ಲ’ ಎಂಬ ಎರಡೇ ಸ್ಥಿತಿಗಳ ಬದಲು ಸಿದ್ಧ, ಬ್ಯಾಂಕಿಗೆ ಕಳುಹಿಸಿದೆ, ಜಮೆಯಾಗಿದೆ, ವಾಪಸ್ ಬಂದಿದೆ ಎಂಬ ನಾಲ್ಕು ಸ್ಥಿತಿಗಳನ್ನು ತಂದರು. ಬ್ಯಾಂಕಿನಿಂದ ಜಮೆಯ ಖಾತರಿ ಬಂದ ಮೇಲಷ್ಟೇ ರೈತನಿಗೆ ಎಸ್‌ಎಂಎಸ್ ಹೋಗುವಂತೆ ಮಾಡಿದರು. ವಾಪಸ್ ಬಂದರೆ ಕಾರಣ ತಿಳಿಸಿ, ಯಾವ ಕಾಗದ ತೆಗೆದುಕೊಂಡು ಯಾವ ಕಚೇರಿಗೆ ಬರಬೇಕೆಂದು ಕನ್ನಡದಲ್ಲಿ ಸಂದೇಶ ಹೋಗುತ್ತದೆ. ಆಮೇಲೆ ನಡೆದ ಎಲ್ಲದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಒಂದು ಬದಲಾವಣೆ ಎಂದು ಸಿಬ್ಬಂದಿ ಈಗಲೂ ಹೇಳುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ.

ವಾಪಸ್ ಬಂದ ಪ್ರತಿ ಪಾವತಿಯೂ ಒಂದು ಪ್ರಕರಣವಾಗಿ ತೆರೆದುಕೊಳ್ಳುತ್ತದೆ. ಅದಕ್ಕೆ ಒಬ್ಬ ಹೊಣೆಗಾರ ಇರುತ್ತಾನೆ, 14 ದಿನಗಳ ಲೆಕ್ಕ ಕಬ್ಬು ಕಾಟಾ ದಾಟಿದ ದಿನದಿಂದಲೇ ಓಡುತ್ತಿರುತ್ತದೆ, ಗಡುವು ಹತ್ತಿರವಾದರೆ ಮೇಲಿನ ಅಧಿಕಾರಿಯ ಪಟ್ಟಿಗೆ ಏರುತ್ತದೆ. ಮುಖ್ಯ ಬ್ಯಾಂಕಿನೊಡನೆ ಪರದೆಯ ಬದಲು ಗಣಕದಿಂದ ಗಣಕಕ್ಕೆ ನೇರ ಕಡತ ವಿನಿಮಯದ ವ್ಯವಸ್ಥೆ ಮಾಡಿಕೊಂಡರು. ಇದಕ್ಕೆ ಬ್ಯಾಂಕಿನ ಒಪ್ಪಿಗೆ, ಭದ್ರತೆಯ ಪರೀಕ್ಷೆ ಎಂದು ತಿಂಗಳುಗಳೇ ಹಿಡಿದವು. ನೇರ ಸಂಪರ್ಕಕ್ಕೆ ಅವಕಾಶವಿಲ್ಲದ ಒಂದೆರಡು ಸಹಕಾರಿ ಬ್ಯಾಂಕುಗಳ ಪೋರ್ಟಲ್‌ಗೆ ಹಳೆಯ ಬಾಟ್‌ನ್ನೇ ಉಳಿಸಿಕೊಂಡರು. ಆದರೆ ಈಗ ಅದು ಓದಿದ ಪಟ್ಟಿಯ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ, ಕಳುಹಿಸಿದ ಕಡತದ ಲೆಕ್ಕಕ್ಕೆ ಕೂಡದಿದ್ದರೆ ಬಾಟ್ ತಾನಾಗಿ ನಿಲ್ಲುತ್ತದೆ.

ಹೆಚ್ಚು ಚರ್ಚೆಯಾದದ್ದು ಪಾಸ್‌ಬುಕ್ ಓದುವ ವಿಷಯ. ನೋಂದಣಿಯ ವೇಳೆ ಫೀಲ್ಡ್‌ಮನ್ ಪಾಸ್‌ಬುಕ್‌ನ ಮೊದಲ ಪುಟದ ಫೋಟೊ ತೆಗೆದರೆ ತಂತ್ರಾಂಶ ಖಾತೆಯ ಸಂಖ್ಯೆ, ಹೆಸರು, ಐಎಫ್‌ಎಸ್‌ಸಿ ಸಂಕೇತ ಓದಿಕೊಳ್ಳುವ ಯೋಜನೆ ಅದು. ಒಂದು ವಿಭಾಗದ ಕೆಲವು ಊರುಗಳಲ್ಲಿ ಪ್ರಯೋಗ ಮಾಡಿದಾಗ ಸ್ಪಷ್ಟ ಮುದ್ರಣವಿದ್ದ ಪುಟಗಳನ್ನು ತಂತ್ರಾಂಶ ಸಲೀಸಾಗಿ ಓದಿತು. ತೊಂದರೆ ಬಂದದ್ದು ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಣದಲ್ಲಿ. ಶಾಯಿ ತೆಳುವಾಗಿ, ಅಂಕೆಗಳು ಪುಟದ ಅಚ್ಚಿನ ಗೆರೆಯ ಮೇಲೆ ಹಾದುಹೋಗಿದ್ದ ಒಂದು ಪಾಸ್‌ಬುಕ್‌ನಲ್ಲಿ, ಕೊನೆಯಿಂದ ಮೂರನೆಯ ಅಂಕೆ 3 ಇದ್ದದ್ದನ್ನು ತಂತ್ರಾಂಶ 8 ಎಂದು ಓದಿತು. ಗೆರೆಯೇ ಅಂಕೆಯ ಎಡಬದಿಯನ್ನು ಮುಚ್ಚಿದಂತೆ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಮನುಷ್ಯನ ಕಣ್ಣಿಗೂ ಒಂದು ಕ್ಷಣ ಅನುಮಾನ ಬರುವಂತಿತ್ತು. ಆದರೂ ತಂತ್ರಾಂಶ ತನ್ನ ಓದಿನ ಬಗ್ಗೆ ಹೆಚ್ಚಿನ ವಿಶ್ವಾಸದ ಅಂಕವನ್ನೇ ತೋರಿಸಿತ್ತು. ಬೇರೆ ಕೆಲಸದಲ್ಲಾದರೆ ಇಂಥ ತಪ್ಪನ್ನು ತಿದ್ದಿಕೊಂಡು ಮುಂದೆ ಹೋಗಬಹುದು. ಇಲ್ಲಿ ಆ ಒಂದು ಅಂಕೆಯಿಂದ ಹಣ ಇನ್ನೊಬ್ಬನ ಖಾತೆಗೆ ಹೋಗಿ ಕೂತರೆ, ಅದನ್ನು ಮರಳಿ ತರಲು ರೈತ ಅಲೆಯಬೇಕಾಗುತ್ತದೆ.

ಆ ಪ್ರಯೋಗದ ನಂತರ ತೆಗೆದುಕೊಂಡ ತೀರ್ಮಾನ ಹೀಗಿತ್ತು. ತಂತ್ರಾಂಶ ಓದಿದ್ದನ್ನು ಕರಡು ಎಂದೇ ಭಾವಿಸಬೇಕು, ವಿಶ್ವಾಸದ ಅಂಕ ಎಷ್ಟೇ ಇರಲಿ ಅದರ ಆಧಾರದ ಮೇಲೆ ಖಾತೆಯನ್ನು ಅಂಗೀಕರಿಸಬಾರದು. ಓದಿದ ಖಾತೆಗೆ ತಕ್ಷಣ ಹಣ ಮುಟ್ಟಿಸುವ ಐಎಂಪಿಎಸ್ ಮೂಲಕ ಒಂದು ರೂಪಾಯಿ ಕಳುಹಿಸಿ, ಬ್ಯಾಂಕಿನಿಂದ ಮರಳುವ ಖಾತೆದಾರನ ಹೆಸರನ್ನು ನೋಂದಣಿಯ ಹೆಸರಿನೊಡನೆ ತಾಳೆ ನೋಡಬೇಕು. ಕಾರ್ಖಾನೆಯ ಕಡತದಲ್ಲಿ ಹೆಸರು ಕನ್ನಡದಲ್ಲಿದ್ದು ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಇರುವುದರಿಂದ, ತಂದೆಯ ಹೆಸರು ಒಂದು ಕಡೆ ನಡುವೆ ಬಂದರೆ ಇನ್ನೊಂದು ಕಡೆ ಮನೆತನದ ಹೆಸರು ಮೊದಲು ಬರುವುದರಿಂದ, ಈ ತಾಳೆಗೆ ಉಚ್ಚಾರಣೆಯನ್ನು ಅಂದಾಜು ಮಾಡುವ ಮಾದರಿಯೊಂದನ್ನು ಬಳಸಿದರು. ಅದು ‘ಹೊಂದುತ್ತದೆ’ ಎಂದದ್ದನ್ನು ಫೀಲ್ಡ್‌ಮನ್ ರೈತನ ಎದುರೇ ಒಪ್ಪಬೇಕು. ‘ಅನುಮಾನ’ ಎಂದದ್ದು ಲೆಕ್ಕಪತ್ರ ವಿಭಾಗಕ್ಕೆ ಹೋಗಬೇಕು. ಒಂದೇ ಹೆಸರಿನವರ ಪಟ್ಟಿಯಲ್ಲಿದ್ದವರದ್ದು ಯಾವಾಗಲೂ ಮನುಷ್ಯರೇ ನೋಡಬೇಕು. ಪಾಸ್‌ಬುಕ್‌ನ ಫೋಟೊಗಳು ಫೀಲ್ಡ್‌ಮನ್‌ನ ಮೊಬೈಲಿನಲ್ಲಿ ಉಳಿಯದೆ ಕಾರ್ಖಾನೆಯ ಗಣಕಕ್ಕೆ ಮಾತ್ರ ಹೋಗುವ ಏರ್ಪಾಡನ್ನೂ ಮಾಡಿದರು.

ತೀರಿಕೊಂಡ ರೈತರ ಪ್ರಕರಣಗಳಲ್ಲಿ ಯಾವ ಹಂತವನ್ನೂ ಯಂತ್ರದ ತೀರ್ಮಾನಕ್ಕೆ ಬಿಡಬಾರದೆಂದು ನಾನು ಒತ್ತಾಯಿಸಿದೆ, ಲೆಕ್ಕಪತ್ರದವರೂ ಅದನ್ನೇ ಹೇಳಿದರು. ಐಟಿ ವಿಭಾಗಕ್ಕೆ ಇದು ಒಪ್ಪಿಗೆಯಾಗಲಿಲ್ಲ. ವಾರಸಾ ಪತ್ರಗಳನ್ನು ಓದಿ ವಾರಸುದಾರರನ್ನು ಸೂಚಿಸುವ ಮಾದರಿಯನ್ನು ಅವರು ಸಿದ್ಧಪಡಿಸುತ್ತಿದ್ದರು. ಆದರೆ ಉತಾರದಲ್ಲಿ (ಜಮೀನಿನ ಹಕ್ಕಿನ ದಾಖಲೆಯಲ್ಲಿ) ಹೆಸರು ಬದಲಾಗುವ ಮೊದಲೇ ಅಣ್ಣತಮ್ಮಂದಿರಲ್ಲಿ ತಕರಾರು ಇದ್ದರೆ, ಅಥವಾ ವಿಧವೆಯ ಹೆಸರನ್ನೇ ಬಿಟ್ಟು ಪತ್ರ ಬರೆಸಿದ್ದರೆ, ಅದು ಕಾಗದದ ಮೇಲೆ ಕಾಣುವುದಿಲ್ಲ. ಅಂಥ ಬಿಲ್ಲುಗಳ ಕಾಗದಪತ್ರಗಳನ್ನು ಒಟ್ಟುಗೂಡಿಸಿ ಕೊಡುವಷ್ಟಕ್ಕೆ ತಂತ್ರಾಂಶದ ಕೆಲಸವನ್ನು ನಿಲ್ಲಿಸಿದರು. ತೀರ್ಮಾನ ಕಬ್ಬು ಅಧಿಕಾರಿ ಮತ್ತು ಲೆಕ್ಕಾಧಿಕಾರಿ ಇಬ್ಬರ ಸಹಿಯಿಂದ ಆಗುತ್ತದೆ.

ಏನಾಯಿತು

2022-23ರ ಹಂಗಾಮು ಅರೆಬರೆಯಾಗಿ ಸಾಗಿತು. ನಾಲ್ಕು ಸ್ಥಿತಿಗಳ ಪದ್ಧತಿ ಮತ್ತು ಎಸ್‌ಎಂಎಸ್ ಮಾತ್ರ ಪೂರ್ತಿ ಜಾರಿಯಾಗಿದ್ದವು. ಪಾಸ್‌ಬುಕ್ ಓದುವುದು ಕೆಲವೇ ಊರುಗಳಿಗೆ ಸೀಮಿತವಾಗಿತ್ತು. ಫೀಲ್ಡ್‌ಮನ್‌ಗಳು ಆರಂಭದಲ್ಲಿ ಇದನ್ನು ತಮ್ಮ ಮೇಲಿನ ನಿಗಾ ಎಂದು ಭಾವಿಸಿದರು. ಒಬ್ಬರ ಮೊಬೈಲಿನಲ್ಲಿ ಹೊಲದ ದಂಡೆಯಲ್ಲಿ ನೆಟ್‌ವರ್ಕ್ ಇಲ್ಲದೆ ಫೋಟೊ ಹೋಗದಿದ್ದರೆ ಆ ದಿನದ ನೋಂದಣಿಯೇ ನಿಲ್ಲುತ್ತಿತ್ತು. ನೆಟ್‌ವರ್ಕ್ ಸಿಕ್ಕಾಗ ತಾನಾಗಿ ಕಳುಹಿಸುವಂತೆ ತಿದ್ದಿದ ಮೇಲೆ, ಮತ್ತು ‘ರೊಕ್ಕ ಎಲ್ಲಿ’ ಎಂದು ರೈತರು ತಮ್ಮನ್ನು ರಸ್ತೆಯಲ್ಲಿ ತಡೆದು ಕೇಳುವುದು ಕಡಿಮೆಯಾದ ಮೇಲೆ ಅವರ ವಿರೋಧ ತಗ್ಗಿತು. ವಾಪಸ್ ಬರುವ ಪಾವತಿಗಳು ನಿಂತವೆಂದು ಹೇಳಲಾರೆ, ಅವು ಈಗಲೂ ಬರುತ್ತವೆ. ಬಂದ ದಿನವೇ ಕಾಣುತ್ತವೆ, ಹೊಣೆಗಾರನ ಹೆಸರಿನೊಡನೆ ಕಾಣುತ್ತವೆ.

ಎರಡು ವ್ಯವಸ್ಥೆಗಳನ್ನು ಹೋಲಿಸಿ ನೋಡಲು ಒಂದು ಸಂದರ್ಭ ತಾನಾಗಿಯೇ ಒದಗಿತು. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕು 1 ಮೇ 2025ರಿಂದ ಒಂದಾದವು. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ ವಿಕಾಸ ಗ್ರಾಮೀಣ ಬ್ಯಾಂಕಿನ ಖಾತೆ ಇರುವ ಕಬ್ಬು ಬೆಳೆಗಾರರು ಎಷ್ಟು ಜನ ಎಂಬುದು ಇಲ್ಲಿಯವರಿಗೆ ಹೇಳಬೇಕಿಲ್ಲ. 2021ರಲ್ಲಿ ಆದದ್ದೇ ಮತ್ತೆ ಆಗಬಹುದಿತ್ತು. ಈ ಸಲ ವಿಲೀನದ ಸುದ್ದಿ ಬಂದೊಡನೆ ಆ ಬ್ಯಾಂಕಿನ ಖಾತೆಗಳನ್ನೆಲ್ಲ ‘ಮರುಪರಿಶೀಲನೆ ಬಾಕಿ’ ಎಂಬ ಗುರುತಿಗೆ ಹಾಕಿದರು. ಊರುವಾರು ಪಟ್ಟಿಗಳು ಫೀಲ್ಡ್‌ಮನ್‌ಗಳ ಮೊಬೈಲಿಗೆ ಹೋದವು. ಹಂಗಾಮಿಗೆ ಮೊದಲು ಪಟ್ಟಿಯಲ್ಲಿದ್ದವರ ಖಾತೆಗಳಿಗೆ ಒಂದು ರೂಪಾಯಿಯ ಪರೀಕ್ಷೆ ನಡೆಯಿತು. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿ ಹಣ ಕಳುಹಿಸುವ ಮುನ್ನವೇ ಪಡೆಯುವವರ ಹೆಸರು ನೋಡುವ ಸೌಲಭ್ಯವನ್ನು ಬ್ಯಾಂಕುಗಳು 1 ಏಪ್ರಿಲ್ 2025ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿದ್ದೂ ಈ ಕೆಲಸಕ್ಕೆ ಅನುಕೂಲವಾಯಿತು. ಇಲ್ಲಿ ಕೃತಕ ಬುದ್ಧಿಮತ್ತೆಯ ಪಾಲು ತೀರ ಸಣ್ಣದು ಎಂಬುದನ್ನು ಗಮನಿಸಬೇಕು. ಯಾರ ಖಾತೆ ಎಲ್ಲಿದೆ, ಅದನ್ನು ಕೊನೆಯದಾಗಿ ಖಾತರಿ ಮಾಡಿದ್ದು ಯಾವಾಗ, ಮುಂದಿನ ಹೆಜ್ಜೆ ಯಾರದು ಎಂಬುದು ಒಂದೇ ಕಡೆ ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

ಖರ್ಚಿನ ಮಾತನ್ನೂ ಹೇಳಬೇಕು. ಮರುಕಟ್ಟುವ ಕೆಲಸಕ್ಕೆ ಬಾಟ್‌ಗಿಂತ ಹಲವು ಪಟ್ಟು ಹಣ ಹೋಯಿತು, ಎರಡು ಮಳೆಗಾಲಗಳ ಬಿಡುವು ಹೋಯಿತು, ಲೆಕ್ಕಪತ್ರ ವಿಭಾಗದ ಇಬ್ಬರು ಅನುಭವಿಗಳ ಸಮಯ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಸಂದಿತು. ಪ್ರತಿ ಸಂಸ್ಥೆಯೂ ಈ ಹಾದಿ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಕೆಲಸದ ಆರಂಭವೂ ಅಂತ್ಯವೂ ಒಂದೇ ಮೇಜಿನ ಮೇಲೆ ಇದ್ದು, ಒಳಗೆ ಬರುವ ಮಾಹಿತಿ ಬದಲಾಗದೆ ಇದ್ದು, ತಪ್ಪಾದರೆ ಮಾಡಿದವರ ಕಣ್ಣಿಗೇ ಬೀಳುವಂತಿದ್ದರೆ ಬಾಟ್ ಸಾಕು, ಸಾಕಷ್ಟೇ ಅಲ್ಲ, ಅದೇ ಒಳ್ಳೆಯದು. ಮಾಹಿತಿ ಹಲವು ಕೈ ದಾಟಿ ಬರುವಾಗ, ತಪ್ಪಿನ ಪೆಟ್ಟು ಆ ಕೋಣೆಯಲ್ಲಿ ಇಲ್ಲದವರ ಮೇಲೆ ಬೀಳುವಾಗ, ಬಾಟ್ ಒಂದರಿಂದಲೇ ಕೆಲಸ ಸಾಗಿಸಲು ಹೋಗುವುದು ಅಪಾಯ.

ಇದೇ ಕಾರ್ಖಾನೆಯಲ್ಲಿ ಕಟಾವು ಮತ್ತು ಸಾಗಾಣಿಕೆಯ ಗುತ್ತಿಗೆದಾರರ ಪಾವತಿ ಈಗಲೂ 2020ರ ಬಾಟ್‌ನಿಂದಲೇ ನಡೆಯುತ್ತದೆ. ಅವರ ಸಂಖ್ಯೆ ಕಡಿಮೆ, ಖಾತೆಗಳು ಕರಾರುಪತ್ರದಲ್ಲಿ ನಮೂದಾಗಿವೆ, ಹಣ ಮುಟ್ಟದಿದ್ದರೆ ಅದೇ ಸಂಜೆ ಕೇನ್ ಯಾರ್ಡಿನಲ್ಲಿ ಅವರೇ ಬಂದು ಕೇಳುತ್ತಾರೆ. ಅದನ್ನೂ ಹೊಸ ವ್ಯವಸ್ಥೆಗೆ ಸೇರಿಸಬೇಕೆಂಬ ಪ್ರಸ್ತಾಪ ಬಂದಾಗ ಲೆಕ್ಕಾಧಿಕಾರಿ ಒಪ್ಪಲಿಲ್ಲ. ಗುತ್ತಿಗೆದಾರರಿಗೆ ಕೊಡುವ ಬದಲು ಗ್ಯಾಂಗಿನ ಒಬ್ಬೊಬ್ಬ ಕೂಲಿಯ ಖಾತೆಗೂ ನೇರವಾಗಿ ಹಣ ಹಾಕುವ ತೀರ್ಮಾನವಾದ ದಿನ ಈ ಬಾಟ್‌ನ್ನು ನಿಲ್ಲಿಸಬೇಕು, ಅಲ್ಲಿಯವರೆಗೆ ಮುಂದುವರಿಸಬಹುದು ಎಂದು ಅವರು ಕಡತದಲ್ಲಿ ಬರೆದು ಸಹಿ ಹಾಕಿದ್ದಾರೆ.